ಸಿಸಿಟಿವಿ ಕ್ಯಾಮೆರಾ ಒಡೆದರೆ ಸಾಕ್ಷಿಯೂ ಹೋಯಿತೇ? ಹೊರಗಿನ ಕ್ಯಾಮೆರಾ ಕಾಪಾಡುವ ಬಗೆ ಮತ್ತು ಫಾರ್ವರ್ಡ್‌ಗಳ ಸುಳ್ಳು-ನಿಜ

"ಕ್ಯಾಮೆರಾಗೆ ಕಪ್ಪು ಬಣ್ಣ ಹೊಡೆದು ಎಟಿಎಂ ದೋಚಿದರು", "ಡಿವಿಆರ್ ಸಮೇತ ಕಳ್ಳರು ಪರಾರಿ". ಇಂಥ ಸುದ್ದಿಗಳನ್ನು ನೀವು ಹಲವು ಸಲ ಓದಿರುತ್ತೀರಿ. ಸುದ್ದಿಯ ಬೆನ್ನಿಗೇ ವಾಟ್ಸ್‌ಆ್ಯಪ್‌ನಲ್ಲಿ ಸಲಹೆಗಳೂ ಬರುತ್ತವೆ. "ಲೇಸರ್ ಬಿಟ್ಟರೆ ಕ್ಯಾಮೆರಾ ಸತ್ತುಹೋಗುತ್ತದೆ", "ಆಯಸ್ಕಾಂತ ಹಿಡಿದರೆ ರೆಕಾರ್ಡಿಂಗ್ ಅಳಿಸಿಹೋಗುತ್ತದೆ", "ಕ್ಯಾಮೆರಾವನ್ನು ಎಷ್ಟು ಎತ್ತರಕ್ಕೆ ಹಾಕಿದರೆ ಅಷ್ಟು ಒಳ್ಳೆಯದು", "ಡಮ್ಮಿ ಕ್ಯಾಮೆರಾ ಸಾಕು, ದುಡ್ಡು ಉಳಿಸಿ".

ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಪೂರ್ತಿ ಸುಳ್ಳು? ಪಟ್ಟಣದ ಅಂಗಡಿ, ಒಂಟಿ ಮನೆ, ದೇವಸ್ಥಾನದ ಹುಂಡಿ, ಮಲೆನಾಡಿನ ಅಡಿಕೆ ಅಂಗಳ ಹೀಗೆ ಎಲ್ಲೆಡೆ ಇಂದು ಕ್ಯಾಮೆರಾ ಇದೆ. ವಯಸ್ಸಾದ ತಂದೆ-ತಾಯಿಯನ್ನು ಊರಲ್ಲಿ ಬಿಟ್ಟು ಬೆಂಗಳೂರಿನಲ್ಲೋ ದುಬೈನಲ್ಲೋ ಇರುವವರು ಅದನ್ನೇ ನಂಬಿ ನೆಮ್ಮದಿಯಾಗಿರುತ್ತಾರೆ. ಆ ನಂಬಿಕೆ ಗಟ್ಟಿಯಾಗಿರಬೇಕಾದರೆ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂದು ತಿಳಿದಿರಬೇಕು.

ಮೊದಲು ಒಂದು ಮುಖ್ಯ ಮಾತು

ಸಿಸಿಟಿವಿ ಎಂದರೆ ಗೋಡೆಯ ಮೇಲಿನ ಕ್ಯಾಮೆರಾ ಒಂದೇ ಅಲ್ಲ. ಅದರಲ್ಲಿ ನಾಲ್ಕು ಭಾಗಗಳಿವೆ: ನೋಡುವ ಕ್ಯಾಮೆರಾ, ದೃಶ್ಯವನ್ನು ಸಾಗಿಸುವ ವೈರ್ ಅಥವಾ ವೈಫೈ, ದಾಖಲಿಸುವ ಡಿವಿಆರ್ ಇಲ್ಲವೇ ಮೆಮೊರಿ ಕಾರ್ಡ್, ಮತ್ತು ಇವೆಲ್ಲವನ್ನೂ ನಡೆಸುವ ಕರೆಂಟ್.

ಕ್ಯಾಮೆರಾವನ್ನು ಒಡೆದರೂ, ಒಡೆಯುವ ಕ್ಷಣದವರೆಗಿನ ದೃಶ್ಯ ಡಿವಿಆರ್‌ನಲ್ಲಿ ಉಳಿದಿರುತ್ತದೆ. ಕಲ್ಲು ಎತ್ತಿದವನು, ಸ್ಪ್ರೇ ಡಬ್ಬಿ ಹಿಡಿದು ಹತ್ತಿರ ಬಂದವನು ಅದರಲ್ಲಿ ಕಾಣಬಹುದು. ಆದರೆ ಡಿವಿಆರ್ ಹೋದರೆ ಎಲ್ಲವೂ ಹೋಯಿತು. ಹೀಗಿದ್ದೂ ನಾವು ಕ್ಯಾಮೆರಾಗೆ ಗಟ್ಟಿ ಕವಚ ಹುಡುಕುತ್ತೇವೆ, ಡಿವಿಆರನ್ನು ಮಾತ್ರ ಹಾಲ್‌ನಲ್ಲಿ ಟಿವಿ ಕೆಳಗೆ, ಬಂದವರಿಗೆಲ್ಲ ಕಾಣುವಂತೆ ಇಟ್ಟಿರುತ್ತೇವೆ!

ಫಾರ್ವರ್ಡ್ 1: "ಲೇಸರ್ ಬಿಟ್ಟರೆ ಕ್ಯಾಮೆರಾ ಶಾಶ್ವತವಾಗಿ ಹಾಳಾಗುತ್ತದೆ"

ಅರ್ಧ ನಿಜ. ಕ್ಯಾಮೆರಾ ಒಳಗಿನ ಸೆನ್ಸರ್ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಸಿಲಿಕಾನ್ ಚಿಪ್. ತೀವ್ರ ಬೆಳಕು ನೇರವಾಗಿ ಬಿದ್ದರೆ ಚಿತ್ರ ಬೆಳ್ಳಗಾಗುತ್ತದೆ. ಸಾಮಾನ್ಯ ಪಾಯಿಂಟರ್ ಆದರೆ ಬೆಳಕು ತೆಗೆದ ಮೇಲೆ ಬಹುತೇಕ ಮೊದಲಿನಂತಾಗುತ್ತದೆ. ಶಕ್ತಿಶಾಲಿ ಲೇಸರ್ ಆದರೆ ಸೆನ್ಸರ್‌ನ ಕೆಲವು ಬಿಂದುಗಳು ಸುಟ್ಟು, ಚಿತ್ರದಲ್ಲಿ ಚುಕ್ಕೆ ಅಥವಾ ಗೆರೆ ಕಾಯಂ ಉಳಿಯಬಹುದು. 2019ರ ಹಾಂಗ್‌ಕಾಂಗ್ ಪ್ರತಿಭಟನೆಗಳಲ್ಲಿ ಜನರು ತಮ್ಮ ಮುಖ ಕ್ಯಾಮೆರಾಗೆ ಸಿಗದಿರಲೆಂದು ಲೇಸರ್ ಪಾಯಿಂಟರ್, ಕೊಡೆ, ಸ್ಪ್ರೇ ಬಣ್ಣ ಮೂರನ್ನೂ ಬಳಸಿದ್ದರು.

ಇದಕ್ಕೆ ಪರಿಹಾರ ಸರಳ: ಒಂದು ಕ್ಯಾಮೆರಾವನ್ನು ಮತ್ತೊಂದು ಕ್ಯಾಮೆರಾ ನೋಡುವಂತೆ ಇಡಿ. ಗೇಟಿನ ಕ್ಯಾಮೆರಾ ವರಾಂಡದ ಕಡೆಗೆ, ವರಾಂಡದ ಕ್ಯಾಮೆರಾ ಗೇಟಿನ ಕಡೆಗೆ. ಒಂದಕ್ಕೆ ಲೇಸರ್ ಹಿಡಿದವನು ಇನ್ನೊಂದರಲ್ಲಿ ಸಿಕ್ಕಿಬೀಳುತ್ತಾನೆ. ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ, ಇರುವ ಕ್ಯಾಮೆರಾಗಳ ದಿಕ್ಕು ಬದಲಿಸಿದರೆ ಸಾಕು.

ಫಾರ್ವರ್ಡ್ 2: "ಆಯಸ್ಕಾಂತ ಹಿಡಿದರೆ ಡಿವಿಆರ್ ಅಳಿಸಿಹೋಗುತ್ತದೆ"

ಸುಳ್ಳು. ಹಾರ್ಡ್ ಡಿಸ್ಕ್ ಕಾಂತೀಯ ತತ್ವದಲ್ಲೇ ಕೆಲಸ ಮಾಡುತ್ತದೆ ನಿಜ. ಆದರೆ ಮನೆಯಲ್ಲಿ ಸಿಗುವ ಆಯಸ್ಕಾಂತವನ್ನು ಪೆಟ್ಟಿಗೆಯ ಹೊರಗೆ ಹಿಡಿದರೆ ಅದರ ದತ್ತಾಂಶ ಅಳಿಸುವುದಿಲ್ಲ. ತಮಾಷೆಯೆಂದರೆ, ಹಾರ್ಡ್ ಡಿಸ್ಕಿನ ಒಳಗೇ ಓದುವ ತೋಳನ್ನು ಅಲುಗಾಡಿಸಲು ಬಲವಾದ ನಿಯೋಡಿಮಿಯಂ ಆಯಸ್ಕಾಂತಗಳಿವೆ. ಅವುಗಳ ಪಕ್ಕದಲ್ಲೇ ದತ್ತಾಂಶ ವರ್ಷಗಟ್ಟಲೆ ಸುರಕ್ಷಿತವಾಗಿರುತ್ತದೆ.

ಕಳ್ಳನಿಗೆ ಆಯಸ್ಕಾಂತ ಬೇಕಾಗಿಯೂ ಇಲ್ಲ, ಅವನು ಇಡೀ ಡಿವಿಆರನ್ನೇ ಹೊತ್ತೊಯ್ಯುತ್ತಾನೆ. ಆದ್ದರಿಂದ:

- ಡಿವಿಆರನ್ನು ಸುಲಭವಾಗಿ ಕಣ್ಣಿಗೆ ಬೀಳದ ಕೋಣೆಯಲ್ಲಿ, ಗೋಡೆಗೆ ಬೋಲ್ಟ್ ಮಾಡಿದ ಬೀಗದ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಗೆ ಗಾಳಿಕಿಂಡಿ ಇರಲಿ. ಬಿಸಿಯಾದರೆ ಹಾರ್ಡ್ ಡಿಸ್ಕಿನ ಆಯಸ್ಸು ಕಡಿಮೆಯಾಗುತ್ತದೆ.
- ಮುಖ್ಯವಾದ ಒಂದೆರಡು ಕ್ಯಾಮೆರಾಗಳ ದೃಶ್ಯವಾದರೂ ಇನ್ನೊಂದು ಕಡೆ ಉಳಿಯಲಿ. ಅದು ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡ್ ಆಗಬಹುದು, ಕ್ಲೌಡ್ ಆಗಬಹುದು.
- ಬರೀ ಮೆಮೊರಿ ಕಾರ್ಡ್ ನೆಚ್ಚಿಕೊಂಡರೆ ಕ್ಯಾಮೆರಾ ಕಿತ್ತೊಯ್ದವನು ಸಾಕ್ಷಿಯನ್ನೂ ಒಯ್ದಂತೆ. ಬರೀ ಕ್ಲೌಡ್ ನೆಚ್ಚಿಕೊಂಡರೆ ನೆಟ್ ಹೋದಾಗ ಏನೂ ದಾಖಲಾಗದು. ಎರಡು ಬಗೆಯೂ ಇದ್ದರೆ ಮಾತ್ರ ಧೈರ್ಯ.

ಫಾರ್ವರ್ಡ್ 3: "ಎತ್ತರಕ್ಕೆ ಹಾಕಿದಷ್ಟೂ ಒಳ್ಳೆಯದು"

ಅರ್ಧ ನಿಜ. ಕೈಗೆ ಸಿಗದ ಎತ್ತರ ಬೇಕು, ಆದರೆ ತೀರಾ ಎತ್ತರವಾದರೆ ಮುಖದ ಬದಲು ತಲೆಗೂದಲೋ ಟೋಪಿಯೋ ಮಾತ್ರ ಕಾಣುತ್ತದೆ.

ಸಣ್ಣ ಲೆಕ್ಕ ನೋಡಿ. ವ್ಯಕ್ತಿಯ ಮುಖ ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ, ಅವನು ಕ್ಯಾಮೆರಾದಿಂದ 4 ಮೀಟರ್ ದೂರದಲ್ಲಿದ್ದಾನೆ ಎಂದುಕೊಳ್ಳಿ. ಕ್ಯಾಮೆರಾ 3 ಮೀಟರ್ ಎತ್ತರದಲ್ಲಿದ್ದರೆ ಅದು ಸುಮಾರು 19 ಡಿಗ್ರಿ ಕೋನದಲ್ಲಿ ಕೆಳಗೆ ನೋಡುತ್ತದೆ, ಮುಖ ಚೆನ್ನಾಗಿ ಸಿಗುತ್ತದೆ. ಅದೇ 5 ಮೀಟರ್ ಎತ್ತರದಲ್ಲಿದ್ದರೆ ಕೋನ 40 ಡಿಗ್ರಿಗೆ ಏರುತ್ತದೆ. ತಲೆ ತಗ್ಗಿಸಿ ನಡೆದರೆ ಮುಖವೇ ಸಿಗುವುದಿಲ್ಲ.

ಹಾಗಾಗಿ ಗೇಟು, ಬಾಗಿಲಿನ ಬಳಿ ಮುಖ ಗುರುತಿಸಲು ಎಂಟರಿಂದ ಹತ್ತು ಅಡಿ ಸಾಕು. ಇಡೀ ಅಂಗಳ ಕಾಣಬೇಕಾದ ಕ್ಯಾಮೆರಾವನ್ನು ಬೇಕಾದರೆ ಇನ್ನೂ ಮೇಲೆ ಹಾಕಿ. ಕ್ಯಾಮೆರಾ ಕೆಳಗೆ ಕಾಂಪೌಂಡ್ ಗೋಡೆ, ನೀರಿನ ಡ್ರಮ್, ಹತ್ತಲು ಬರುವ ಕಿಟಕಿ ಸಜ್ಜಾ ಇಲ್ಲದಂತೆ ನೋಡಿಕೊಳ್ಳಿ. ಹತ್ತು ಅಡಿ ಎತ್ತರದ ಕ್ಯಾಮೆರಾ ಕೆಳಗೆ ನಾಲ್ಕು ಅಡಿ ಗೋಡೆಯಿದ್ದರೆ ಅದರ ನಿಜವಾದ ಎತ್ತರ ಆರೇ ಅಡಿ!

ಫಾರ್ವರ್ಡ್ 4: "ಐಕೆ10 ಕ್ಯಾಮೆರಾ ಒಡೆಯುವುದೇ ಇಲ್ಲ"

ಸುಳ್ಳು, ಆದರೆ ಐಕೆ ಅಂಕಿ ಉಪಯುಕ್ತ. ಕ್ಯಾಮೆರಾ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳನ್ನು ಗಮನಿಸಿ.

ಐಪಿ ಅಂಕಿ ದೂಳು ಮತ್ತು ನೀರಿನಿಂದ ರಕ್ಷಣೆಯನ್ನು ಹೇಳುತ್ತದೆ. ಐಪಿ66 ಎಂದರೆ ದೂಳು ಒಳಹೋಗದು, ರಭಸದ ನೀರಿನ ಧಾರೆ ಬಿದ್ದರೂ ತೊಂದರೆಯಿಲ್ಲ. ಐಪಿ67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ. ಪೆಟ್ಟು ತಡೆಯುವ ವಿಷಯದಲ್ಲಿ ಈ ಅಂಕಿ ಏನನ್ನೂ ಹೇಳುವುದಿಲ್ಲ.

ಐಕೆ ಅಂಕಿ ಹೊಡೆತ ತಡೆಯುವ ಶಕ್ತಿಯದು. ಐಕೆ08 ಎಂದರೆ 5 ಜೂಲ್, ಐಕೆ10 ಎಂದರೆ 20 ಜೂಲ್. 5 ಕಿಲೋ ತೂಕವನ್ನು 40 ಸೆಂಟಿಮೀಟರ್ ಮೇಲಿನಿಂದ ಬೀಳಿಸಿದರೆ ಆಗುವ ಹೊಡೆತವೇ 20 ಜೂಲ್.

ಬೀದಿ ಕ್ರಿಕೆಟ್‌ಗೆ ಹೋಲಿಸೋಣ. 58 ಗ್ರಾಂ ತೂಕದ ಟೆನಿಸ್ ಚೆಂಡು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ ಸುಮಾರು 12 ಜೂಲ್. 160 ಗ್ರಾಂನ ಲೆದರ್ ಚೆಂಡು ಅದೇ ವೇಗದಲ್ಲಿ ಬಂದರೆ 32 ಜೂಲ್. ಟೆನಿಸ್ ಚೆಂಡು ತಾನೇ ಅಮುಕಿಕೊಳ್ಳುವುದರಿಂದ ಪೆಟ್ಟು ಇನ್ನೂ ಮೆದುವಾಗುತ್ತದೆ. ಆದರೆ ಲೆದರ್ ಚೆಂಡು, ಜೋರಾಗಿ ಎಸೆದ ಕಲ್ಲು ಐಕೆ10ರ ಮಿತಿಯನ್ನೂ ಮೀರಬಹುದು. ಅಂದರೆ ಐಕೆ10 ಕ್ಯಾಮೆರಾ ಕೈಯಲ್ಲಿ ಗುದ್ದಿದರೆ, ಸಣ್ಣ ಕಲ್ಲು ಬಿದ್ದರೆ ತಡೆಯುತ್ತದೆ. ಸುತ್ತಿಗೆ ಹಿಡಿದು ನಿಂತವನ ಮುಂದೆ ಯಾವ ಕ್ಯಾಮೆರಾವೂ ಬಹಳ ಹೊತ್ತು ನಿಲ್ಲದು. ಅದು ಕೊಡುವುದು ಸಮಯವನ್ನು ಮಾತ್ರ, ಕಳ್ಳನಿಗೆ ಬೇಡವಾದದ್ದೂ ಅದೇ.

ಕೈಗೆಟಕುವ ಜಾಗದಲ್ಲಿ ಡೋಮ್ ಆಕಾರದ ಕ್ಯಾಮೆರಾ ಒಳ್ಳೆಯದು. ಉದ್ದನೆಯ ಬುಲೆಟ್ ಕ್ಯಾಮೆರಾವನ್ನು ಕೋಲಿನಿಂದ ತಳ್ಳಿ ದಿಕ್ಕು ತಪ್ಪಿಸುವುದು ಸುಲಭ. ಡೋಮ್‌ನಲ್ಲಿ ಹಿಡಿಯಲು ಏನೂ ಸಿಗದು, ಅದು ಯಾವ ಕಡೆ ನೋಡುತ್ತಿದೆ ಎಂದೂ ಸುಲಭವಾಗಿ ತಿಳಿಯದು.

ಫಾರ್ವರ್ಡ್ 5: "ಡಮ್ಮಿ ಕ್ಯಾಮೆರಾ ಸಾಕು"

ಡಮ್ಮಿ ಕ್ಯಾಮೆರಾ ಯಾರನ್ನಾದರೂ ಹೆದರಿಸಿದರೆ ಅದು ಅದೃಷ್ಟ. ಘಟನೆ ನಡೆದ ಮೇಲೆ ಅದರಿಂದ ಒಂದು ಚಿತ್ರವೂ ಸಿಗುವುದಿಲ್ಲ. ಇನ್ನೂ ದೊಡ್ಡ ಅಪಾಯವೆಂದರೆ ಮನೆಯವರೇ ಅದನ್ನು ನಂಬಿಕೊಂಡು ಬೀಗ, ದೀಪದ ವಿಷಯದಲ್ಲಿ ಉದಾಸೀನ ಮಾಡುವುದು. ನಿಜವಾದ ಕ್ಯಾಮೆರಾಗಳ ಜೊತೆಗೆ ಒಂದೆರಡು ಡಮ್ಮಿ ಇದ್ದರೆ ಅಡ್ಡಿಯಿಲ್ಲ, ಬರೀ ಡಮ್ಮಿಯನ್ನು ನೆಚ್ಚಬೇಡಿ.

ಫಾರ್ವರ್ಡ್ 6: "ಕ್ಯಾಮೆರಾದ ಕತ್ತಲ ಬೆಳಕಿಗೆ ಹುಳ ಮುತ್ತುತ್ತವೆ, ಸೀಮೆಎಣ್ಣೆ ಸವರಿ"

ಎರಡೂ ತಪ್ಪು. ರಾತ್ರಿ ಹೊತ್ತು ಕ್ಯಾಮೆರಾ ಅವಗೆಂಪು ಬೆಳಕು ಚೆಲ್ಲುತ್ತದೆ. ಸಾಮಾನ್ಯವಾಗಿ ಅದರ ತರಂಗಾಂತರ 850 ಅಥವಾ 940 ನ್ಯಾನೋಮೀಟರ್. ಹೆಚ್ಚಿನ ಕೀಟಗಳಿಗೆ ಕಾಣುವುದು ಅತಿನೇರಳೆ, ನೀಲಿ, ಹಸಿರು ಬೆಳಕು. ಅವಗೆಂಪು ಅವುಗಳ ಕಣ್ಣಿಗೆ ಬೀಳದು. ಪಕ್ಕದ ಬಿಳಿ ಬಲ್ಬಿಗೆ ಹುಳ ಬರುತ್ತವೆ, ಹುಳ ಹಿಡಿಯಲು ಜೇಡ ಬಂದು ಕ್ಯಾಮೆರಾ ಮರೆಯಲ್ಲಿ ಬಲೆ ಕಟ್ಟುತ್ತದೆ. ಬಲೆಯ ಎಳೆ ಲೆನ್ಸಿಗೆ ತೀರಾ ಹತ್ತಿರವಿರುವುದರಿಂದ ಅವಗೆಂಪು ಬೆಳಕನ್ನು ವಾಪಸು ಎರಚಿ ಇಡೀ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಹಾಗಾಗಿ ದೀಪವನ್ನು ಕ್ಯಾಮೆರಾದಿಂದ ಸ್ವಲ್ಪ ದೂರ ಹಾಕಿ, ಆಗಾಗ ಬಲೆ ತೆಗೆಯಿರಿ.

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಮಾತ್ರ ಸವರಲೇಬೇಡಿ. ಡೋಮ್ ಕವಚ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದು. ಪೆಟ್ರೋಲ್, ಥಿನ್ನರ್‌ನಂಥ ದ್ರಾವಕ ತಾಗಿದರೆ ಅದು ಮಬ್ಬಾಗುತ್ತದೆ, ಕೂದಲೆಳೆಯಂಥ ಬಿರುಕು ಬಿಟ್ಟು ಗಟ್ಟಿತನ ಕಳೆದುಕೊಳ್ಳುತ್ತದೆ. ಯಾರಾದರೂ ಬಣ್ಣ ಎರಚಿದ್ದರೂ ಥಿನ್ನರ್‌ನಿಂದ ಉಜ್ಜಬೇಡಿ. ಹಲವು ಮಾದರಿಗಳಿಗೆ ಡೋಮ್ ಕವಚ ಬಿಡಿಯಾಗಿಯೇ ಸಿಗುತ್ತದೆ, ಬದಲಿಸಿ. ಮಾಮೂಲಿ ಕೊಳೆಗೆ ಮೆತ್ತನೆಯ ಬಟ್ಟೆ, ತೆಳು ಸೋಪಿನ ನೀರು ಸಾಕು.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಟಿವಿ ರಿಮೋಟಿನ ಬಟನ್ ಒತ್ತಿ ಅದರ ತುದಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಹಲವು ಫೋನುಗಳಲ್ಲಿ ದೀಪ ಮಿನುಗುವುದು ಕಾಣುತ್ತದೆ. ಅದೂ ಅವಗೆಂಪು ಬೆಳಕೇ. ನಿಮ್ಮ ಫೋನಿನಲ್ಲಿ ಕಂಡರೆ ರಾತ್ರಿ ನಿಮ್ಮ ಸಿಸಿಟಿವಿಯ ಅವಗೆಂಪು ದೀಪಗಳು ಉರಿಯುತ್ತಿವೆಯೇ ಎಂದೂ ಹೀಗೇ ಪರೀಕ್ಷಿಸಬಹುದು.

ವೈರ್, ಕರೆಂಟ್, ಸಿಡಿಲು

ಗೋಡೆಯ ಮೇಲೆ ಜೋತಾಡುವ ವೈರ್ ಕತ್ತರಿಸಲು ಒಂದು ಕಟಿಂಗ್ ಪ್ಲೇಯರ್ ಸಾಕು. ಮಂಗಗಳಿಗಂತೂ ಅದೂ ಬೇಡ! ಕ್ಯಾಮೆರಾದ ಬೆನ್ನ ಹಿಂದೆಯೇ ಗೋಡೆ ಕೊರೆದು ವೈರ್ ಒಳಗೆ ಎಳೆಯಿರಿ. ಆಗದಿದ್ದರೆ ಗಟ್ಟಿ ಪೈಪಿನೊಳಗೆ ಹಾಯಿಸಿ. ಜೋಡಣೆಗಳು ಜಂಕ್ಷನ್ ಬಾಕ್ಸ್ ಒಳಗಿರಲಿ. ಮಾಮೂಲಿ ಸ್ಕ್ರೂಡ್ರೈವರ್‌ಗೆ ಬಗ್ಗದ, ನಕ್ಷತ್ರಾಕಾರದ ತಲೆಯ ಸ್ಕ್ರೂ ಬಳಸಿ.

ವೈಫೈ ಕ್ಯಾಮೆರಾ ಹಾಕುವುದು ಸುಲಭ, ಆದರೆ ರೇಡಿಯೊ ಸಂಕೇತಕ್ಕೆ ಅಡ್ಡಿಪಡಿಸಿದರೆ ದೃಶ್ಯ ಡಿವಿಆರ್‌ಗೆ ತಲುಪುವುದಿಲ್ಲ. ಸರ್ಕಾರದ ಅನುಮತಿಯಿಲ್ಲದೆ ಜ್ಯಾಮರ್ ಇಟ್ಟುಕೊಳ್ಳುವುದು ನಮ್ಮಲ್ಲಿ ಕಾನೂನುಬಾಹಿರ, ಕಳ್ಳ ಕಾನೂನು ಪಾಲಿಸುತ್ತಾನೆಂದು ನಂಬುವಂತಿಲ್ಲ. ಮುಖ್ಯ ಬಾಗಿಲಿಗೆ ವೈರ್ ಇರುವ ಕ್ಯಾಮೆರಾವೇ ಇರಲಿ. ತೋಟ, ಕಣದಂಥ ದೂರದ ಜಾಗಕ್ಕೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಅನಿವಾರ್ಯವಾದರೆ ಅದರಲ್ಲಿ ಮೆಮೊರಿ ಕಾರ್ಡ್ ತಪ್ಪದೇ ಹಾಕಿ.

ಮನೆಯ ಹೊರಗಿನ ಮೀಟರ್ ಬೋರ್ಡಿನಲ್ಲಿ ಸ್ವಿಚ್ ಇಳಿಸಿದರೆ ಎಲ್ಲ ಕ್ಯಾಮೆರಾವೂ ಕುರುಡು. ಕ್ಯಾಮೆರಾ, ಡಿವಿಆರ್ ಜೊತೆ ವೈಫೈ ರೂಟರನ್ನೂ ಯುಪಿಎಸ್ ಅಥವಾ ಇನ್ವರ್ಟರ್ ಲೈನಿಗೆ ಸೇರಿಸಿ. ರೂಟರ್ ಬಿಟ್ಟರೆ ದಾಖಲೆ ಆಗುತ್ತದೆ, ಆದರೆ ನಿಮ್ಮ ಫೋನಿಗೆ ಎಚ್ಚರಿಕೆ ಬರುವುದಿಲ್ಲ.

ಸಿಡಿಲು ಇನ್ನೊಂದು ಶತ್ರು. ಹತ್ತಿರದಲ್ಲೆಲ್ಲೋ ಬಿದ್ದರೂ ಉದ್ದನೆಯ ತಾಮ್ರದ ವೈರ್‌ನಲ್ಲಿ ಕ್ಷಣಿಕ ಅಧಿಕ ವೋಲ್ಟೇಜ್ ಹುಟ್ಟಿ ಕ್ಯಾಮೆರಾ, ಡಿವಿಆರ್ ಎರಡನ್ನೂ ಸುಡಬಲ್ಲದು. ಒಳ್ಳೆಯ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಎರಡೂ ಬೇಕು.

ಕೆಲವರು ಕ್ಯಾಮೆರಾ ಮುಟ್ಟಿದವರಿಗೆ ಬುದ್ಧಿ ಬರಲೆಂದು ಸುತ್ತ ಕರೆಂಟ್ ಹಾಯಿಸಿದ ತಂತಿ ಕಟ್ಟಲು ಹೇಳುತ್ತಾರೆ. ಇದು ಜೀವ ತೆಗೆಯುವ ಸಲಹೆ. ಸಾಯುವವರು ಚೆಂಡು ಹೆಕ್ಕಲು ಬಂದ ಮಗುವಾಗಿರಬಹುದು, ರಿಪೇರಿಗೆ ಬಂದ ಹುಡುಗನಾಗಿರಬಹುದು. ಜೈಲಿಗೆ ಹೋಗುವವರು ನೀವೇ.

ಮುಟ್ಟದೆಯೇ ಕೆಡಿಸುವವರು

ಕಲ್ಲು, ಬಣ್ಣ ಏನೂ ಇಲ್ಲದೆ ಪಾಸ್‌ವರ್ಡ್ ಮೂಲಕವೇ ಕ್ಯಾಮೆರಾ ಒಳಗೆ ನುಗ್ಗಬಹುದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಸಿಸಿಟಿವಿ, ಡಿವಿಆರ್, ರೂಟರ್‌ಗಳನ್ನು ವಶಪಡಿಸಿಕೊಂಡಿತ್ತು. ಅದರ ಆಯುಧ ಕಾರ್ಖಾನೆಯಿಂದ ಬರುವ ಹೆಸರು-ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿ ಅಷ್ಟೇ. ಅದೇ ಅಕ್ಟೋಬರ್ 21ರಂದು ಈ ಉಪಕರಣಗಳನ್ನು ಬಳಸಿ ನಡೆಸಿದ ದಾಳಿಯಿಂದ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಕೆಲಕಾಲ ಸಿಗದಂತಾದವು. 2025ರಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಸೋರಿಕೆಯಾಗಿ ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದವು.

ಕ್ಯಾಮೆರಾ ಹಾಕಿದವರು ಹೋದ ತಕ್ಷಣ ಅಡ್ಮಿನ್ ಪಾಸ್‌ವರ್ಡ್ ನೀವೇ ಬದಲಿಸಿ. ಆ್ಯಪ್‌ನಲ್ಲಿ ಎರಡು ಹಂತದ ದೃಢೀಕರಣ ಇದ್ದರೆ ಆನ್ ಮಾಡಿ. ಡಿವಿಆರ್ ಮೇಲಿನ ಕ್ಯೂಆರ್ ಸ್ಟಿಕ್ಕರ್ ಫೋಟೊವನ್ನು ಯಾರಿಗೂ ಕಳಿಸಬೇಡಿ. ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಮುಂದೂಡಬೇಡಿ. ಭಾರತದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಭದ್ರತಾ ಮಾನದಂಡದ ಪರೀಕ್ಷೆ ಕಡ್ಡಾಯ. ಹೊಸದನ್ನು ಕೊಳ್ಳುವಾಗ ಈ ಮಾದರಿಗೆ ಆ ಪ್ರಮಾಣಪತ್ರ ಇದೆಯೇ ಎಂದು ಅಂಗಡಿಯವರನ್ನು ಕೇಳಿ.

ಹೆಚ್ಚಿನವರು ಆನ್ ಮಾಡದ ಸೌಲಭ್ಯ

ಹಲವು ಡಿವಿಆರ್‌ಗಳ ಮೆನುವಿನಲ್ಲಿ ವಿಡಿಯೋ ಟ್ಯಾಂಪರಿಂಗ್, ವಿಡಿಯೋ ಲಾಸ್ ಎಂಬ ಆಯ್ಕೆಗಳಿವೆ. ಕ್ಯಾಮೆರಾ ತನ್ನ ಎಂದಿನ ದೃಶ್ಯವನ್ನು ಈಗಿನದರ ಜೊತೆ ಹೋಲಿಸುತ್ತಿರುತ್ತದೆ. ಇದ್ದಕ್ಕಿದ್ದಂತೆ ಪೂರ್ತಿ ಕತ್ತಲಾದರೆ ಅಥವಾ ಮಬ್ಬಾದರೆ ಟ್ಯಾಂಪರಿಂಗ್ ಎಚ್ಚರಿಕೆ, ಸಂಕೇತವೇ ನಿಂತರೆ ವಿಡಿಯೋ ಲಾಸ್ ಎಚ್ಚರಿಕೆ ಫೋನಿಗೆ ಬರುತ್ತದೆ. ಬಣ್ಣ ಎರಚಿದ ಒಂದೆರಡು ನಿಮಿಷದಲ್ಲಿ ನಿಮಗೆ ತಿಳಿದರೆ ಪಕ್ಕದ ಮನೆಯವರಿಗೋ 112ಕ್ಕೋ ಕರೆ ಮಾಡಬಹುದು. ಬೆಳಿಗ್ಗೆ ಎದ್ದ ಮೇಲೆ ತಿಳಿದರೆ ಮಾಡುವುದೇನೂ ಇಲ್ಲ. ಆನ್ ಮಾಡಿ, ಲೆನ್ಸಿಗೆ ಬಟ್ಟೆ ಮುಚ್ಚಿ ಪರೀಕ್ಷಿಸಿ.

ಕ್ಯಾಮೆರಾ ಒಡೆಯುವವರೆಲ್ಲ ಕಳ್ಳರಲ್ಲ

ಇದು ಯಾವ ಫಾರ್ವರ್ಡ್‌ನಲ್ಲೂ ಬಾರದ ಮಾತು. ಎಷ್ಟೋ ಸಲ ಕ್ಯಾಮೆರಾ ಮೇಲೆ ಕೋಪ ಬರುವುದು ನೆರೆಯವರಿಗೆ, ಕಾರಣ ಅದು ಅವರ ಬಾಗಿಲು, ಬಚ್ಚಲುಮನೆ ಕಿಟಕಿ, ಬಟ್ಟೆ ಒಣಹಾಕುವ ಜಾಗ ನೋಡುತ್ತಿರುವುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕ್ಯಾಮೆರಾ ನಿಮ್ಮ ಜಾಗವನ್ನಷ್ಟೇ ನೋಡಲಿ. ಪಕ್ಕದ ಮನೆ ಚೌಕಟ್ಟಿನಲ್ಲಿ ಬಂದೇ ಬರುವುದಾದರೆ ಮೆನುವಿನಲ್ಲಿ ಪ್ರೈವಸಿ ಮಾಸ್ಕ್ ಹಾಕಿ ಆ ಭಾಗವನ್ನು ಕಪ್ಪು ಮಾಡಿ. ಪಕ್ಕದವರನ್ನು ಕರೆದು ನಿಮ್ಮ ಫೋನಿನಲ್ಲೇ ತೋರಿಸಿ, "ನೋಡಿ ಅಣ್ಣಾ, ನಿಮ್ಮ ಮನೆ ಇದರಲ್ಲಿ ಬರೋದಿಲ್ಲ" ಎಂದು ಹೇಳಿ. ನಾಳೆ ನಿಮ್ಮ ಕ್ಯಾಮೆರಾಗೆ ಏನಾದರೂ ಆದಾಗ ಮೊದಲು ಕರೆ ಮಾಡುವವರೂ ಅವರೇ.

ಹಾನಿಯಾದ ಮೇಲೆ ಏನು ಮಾಡಬೇಕು?

- ಒರೆಸಬೇಡಿ, ಮುಟ್ಟಬೇಡಿ. ಇದ್ದ ಹಾಗೆಯೇ ಫೋಟೊ ತೆಗೆಯಿರಿ.
- ದೃಶ್ಯವನ್ನು ಬೇಗ ಪೆನ್‌ಡ್ರೈವ್‌ಗೆ ಇಳಿಸಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೆ ಹೊಸದು ಕೂರುತ್ತದೆ.
- ಡಿವಿಆರ್ ತೋರಿಸುವ ಸಮಯಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸ ಎಂದು ಬರೆದಿಡಿ.
- ಪೊಲೀಸರಿಗೆ ದೂರು ಕೊಡಿ. ಬೇಕೆಂದೇ ಆಸ್ತಿ ಹಾನಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಪ್ರಕಾರ ಅಪರಾಧ.
- ಮೂಲ ಡಿವಿಆರ್ ಜೋಪಾನವಾಗಿಡಿ. ದೃಶ್ಯದ ನಕಲನ್ನು ನ್ಯಾಯಾಲಯಕ್ಕೆ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೋ ಕುಗ್ಗಿ ಗುಣಮಟ್ಟ ಕಳೆದುಕೊಂಡಿರುತ್ತದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: "ಇವನೇ ಕಳ್ಳ, ಎಲ್ಲರಿಗೂ ಶೇರ್ ಮಾಡಿ" ಎಂದು ಆ ದೃಶ್ಯವನ್ನು ಗುಂಪುಗಳಿಗೆ ಹಾಕಬೇಡಿ. 2018ರಲ್ಲಿ ದೇಶದಾದ್ಯಂತ ಹರಿದಾಡಿದ್ದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ನೆನಪಿದೆಯೇ? ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ್ದ ಕಿರುಚಿತ್ರ. ಮಗುವನ್ನು ವಾಪಸು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರ ಬಗೆಗಿನ ಇಂಥ ವದಂತಿಗಳ ನಡುವೆಯೇ ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಮೇಲೆ ಗುಂಪು ಹಲ್ಲೆ ನಡೆಸಿತು. ಒಬ್ಬ ಯುವಕ ಪ್ರಾಣ ಕಳೆದುಕೊಂಡ.

ಕ್ಯಾಮೆರಾ ಯಾರು ಬಂದರು ಎಂದಷ್ಟೇ ತೋರಿಸುತ್ತದೆ. ಯಾರು ತಪ್ಪಿತಸ್ಥರು ಎಂದು ತೀರ್ಮಾನಿಸುವ ಕೆಲಸ ತನಿಖೆಯದು, ನ್ಯಾಯಾಲಯದ್ದು.

ಶೇರ್ ಮಾಡಬೇಕೆಂದರೆ ಇಷ್ಟನ್ನು ಮಾಡಿ

ಡಿವಿಆರ್ ಬಚ್ಚಿಡಿ. ಒಂದು ಕ್ಯಾಮೆರಾವನ್ನು ಇನ್ನೊಂದು ಕಾಯಲಿ. ವೈರ್ ಹೊರಗೆ ಕಾಣದಿರಲಿ. ರೂಟರ್‌ಗೂ ಬ್ಯಾಟರಿ ಇರಲಿ. ಪಾಸ್‌ವರ್ಡ್ ಇಂದೇ ಬದಲಿಸಿ. ಟ್ಯಾಂಪರಿಂಗ್ ಎಚ್ಚರಿಕೆ ಆನ್ ಮಾಡಿ. ತಿಂಗಳಿಗೊಮ್ಮೆ ಹಿಂದಿನ ವಾರದ ರಾತ್ರಿಯ ದೃಶ್ಯವೊಂದನ್ನು ತೆರೆದು ನೋಡಿ. ಲೈವ್ ಕಾಣುತ್ತಿದೆ ಎಂದ ಮಾತ್ರಕ್ಕೆ ರೆಕಾರ್ಡ್ ಆಗುತ್ತಿದೆ ಎಂದಲ್ಲ. ಊರಲ್ಲಿರುವ ಅಪ್ಪ-ಅಮ್ಮನ ಮನೆಯ ಕ್ಯಾಮೆರಾವನ್ನೂ ಮುಂದಿನ ಸಲ ಹೋದಾಗ ಹೀಗೇ ಒಮ್ಮೆ ಪರೀಕ್ಷಿಸಿ ಬನ್ನಿ.